ಕೆಟ್ಟ ಬೀಡಿ ಕದ್ದವರು ಯಾರು?

"ಧಣಿ, ಇದರಲ್ಲಿ ಬೀಡಿಯೇ ಇಲ್ಲ!"

ವ್ಯಾನಿಗೆ ಏರಿಸುವಾಗ ಗೋಣಿಯ ಹೊಲಿಗೆ ಬಿಚ್ಚಿತ್ತು. ಡ್ರೈವರ್ ಎಡ್ಮಂಡ್ ಅದನ್ನು ಕಾಪು ಬೀಡಿ ಬ್ರಾಂಚಿನ ಅಂಗಳಕ್ಕೆ ಸುರಿದ. ಬರೀ ಒಣ ಎಲೆಚೂರು! ಕೆಟ್ಟದೆಂದು ಏಜೆಂಟರು ತೆಗೆದಿಟ್ಟ ಬೀಡಿಗೆ ಮಜೂರಿಯಿಲ್ಲ. ಅದನ್ನು ಉಡುಪಿಗೆ ಒಯ್ದು ಸುಡಬೇಕು. ಆ ಬೀಡಿ ಎಲ್ಲಿ?

"ಗುಡಿಸುವ ಸುಗಂಧಿಯ ಹತ್ತಿರ ಗೋದಾಮಿನ ಬೀಗದ ಕೈ ಉಂಟು," ಎಂದ ಏಜೆಂಟ್ ತಾರಾನಾಥ, ಬೀಡಿ ಒಪ್ಪಿಸಲು ಬಂದ ಹೆಂಗಸರೆಲ್ಲರ ಎದುರು. "ಕಳ್ಳಿ! ಅವಳ ಕಾರ್ಡು ರದ್ದು ಮಾಡಿ."

ಕಾರ್ಡು ಹೋದರೆ ಯಾವ ಬ್ರಾಂಚಿನಲ್ಲೂ ಬೀಡಿ ಕೆಲಸವಿಲ್ಲ. ಗುಡಿಸುವುದರ ಜೊತೆ ಬೀಡಿಯನ್ನೂ ಕಟ್ಟುತ್ತಿದ್ದ ಸುಗಂಧಿ ತನ್ನ ಬೀಡಿ ಬುಟ್ಟಿಯನ್ನು ಕೆಳಗಿಟ್ಟಳು. ಎಡ್ಮಂಡ್ ಸದ್ದಿಲ್ಲದೆ ಅವಳ ಹಿಂದೆ ಸ್ಟೂಲು ಸರಿಸಿದ.

ಧಣಿ ಅನಂತಪದ್ಮನಾಭ ನನ್ನ ಗೆಳತಿ ಒಲಿಂಡಾಳ ಹಳೆಯ ವಿದ್ಯಾರ್ಥಿ. ಅವಳು ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾಗಿ ಮಣಿಪಾಲದಲ್ಲಿದ್ದಳು. "ಹೆಂಗಸರು ನನ್ನನ್ನು ನಂಬುವುದಿಲ್ಲ ಮೇಡಂ, ಯಾಕೆಂದು ನೋಡಿ," ಎಂದು ಆತ ನಮ್ಮಿಬ್ಬರನ್ನೂ ಕರೆತಂದಿದ್ದ.

"ಬೀಡಿ ಹೆಚ್ಚು ಕೆಡುವುದು ಯಾವಾಗ, ಸುಗಂಧಿ?" ಒಲಿಂಡಾ ಕೇಳಿದಳು.

"ಮಳೆಗಾಲದಲ್ಲಿ, ಒಲಿಂಡಾ ಬಾಯಿ. ಬೂಸು ಹಿಡಿತದೆ. ಆದರೆ ಈ ಏಜೆಂಟರು ಕೆಟ್ಟದೆಂದು ಹೆಚ್ಚು ತೆಗೆಯುವುದು ಹತ್ತಿರದಲ್ಲಿ ಯಕ್ಷಗಾನದ ಆಟ ಇದ್ದಾಗ. ಕಾರಣ ಕೇಳಿದರೆ, 'ನಿನಗೆ ಎಂತಕ್ಕೆ?' ಅಂತಾರೆ."

"ರಾತ್ರಿಯಿಡೀ ಆಟ ನೋಡಿ ತೂಕಡಿಸಿ ಕಟ್ಟಿದರೆ ಇನ್ನೆಂತ ಆಗ್ತದೆ?" ತಾರಾನಾಥ ನಕ್ಕ.

ಒಲಿಂಡಾ ಡ್ರೈವರನತ್ತ ತಿರುಗಿದಳು. "ಎಡ್ಮಂಡ್, ಆಟಕ್ಕೆ ಹೋದರೆ ಸೇದಲು ಬೀಡಿ ಕೊಳ್ಳುವುದು ಎಲ್ಲಿಂದ?"

"ಅಲ್ಲೇ ಏಜೆಂಟರ ಭಾವ ಹಾಕುವ ಅಂಗಡಿಯಿಂದ, ಬಾಯಿ. ಲೇಬಲ್ ಇಲ್ಲ. ಆದರೆ ಫಸ್ಟ್ ಕ್ಲಾಸ್!"

ತಾರಾನಾಥನ ನಗು ನಿಂತಿತು.

"ಕದ್ದವರು ಯಾರೆಂದು ಎಲ್ಲರೂ ಕೇಳಿದಿರಿ," ಎಂದಳು ಒಲಿಂಡಾ. "ಕೆಟ್ಟ ಬೀಡಿ ಯಾರಿಗೆ ಬೇಕು ಎಂದು ಯಾರೂ ಕೇಳಲಿಲ್ಲ. ಕೆಟ್ಟದ್ದಾದರೆ ಯಾರೂ ಕದಿಯುವುದಿಲ್ಲ. ಕದ್ದಿದ್ದಾರೆ ಎಂದರೆ ಅದು ಒಳ್ಳೆಯದೇ. ಆಟದ ದಿನಗಳಲ್ಲಿ ಗಿರಾಕಿಗಳು ಹೆಚ್ಚು, ಅದಕ್ಕೇ 'ಕೆಟ್ಟ' ಬೀಡಿಯೂ ಹೆಚ್ಚು. ಒಳ್ಳೆಯದನ್ನು ಕೆಟ್ಟದೆನ್ನುವ ಅಧಿಕಾರ ಇಲ್ಲಿ ಒಬ್ಬರಿಗೇ ಇರುವುದು. ಅಲ್ವಾ, ತಾರಾನಾಥ?"

"ಭಾವ ಒತ್ತಾಯ ಮಾಡಿದ…" ತಾರಾನಾಥ ನೆಲ ನೋಡಿದ.

ಧಣಿಯ ಮುಖ ಕೆಂಪಾಯಿತು. "ಒಳಗೆ ಬನ್ನಿ ಸುಗಂಧಿ, ಮಾತಾಡುವ."

ಸುಗಂಧಿ ಸ್ಟೂಲಿನಿಂದ ಎದ್ದಳು. "ಕಳ್ಳಿ ಅಂದದ್ದು ಅಂಗಳದಲ್ಲಿ, ಧಣಿ. ಅಲ್ಲ ಅನ್ನುವುದೂ ಇಲ್ಲೇ ಆಗಲಿ."

ಆತ ಅಲ್ಲಿಯೇ, ಎಲ್ಲರೆದುರು, ಕೈ ಮುಗಿದ. "ತಪ್ಪಾಯಿತು. ಹಿಡಿದಿಟ್ಟ ಮಜೂರಿ ಎಲ್ಲರಿಗೂ ಸಿಗುತ್ತದೆ. ಇನ್ನು ಕೆಟ್ಟ ಬೀಡಿ ಇದ್ದರೆ ಕಾರಣ ಹೇಳಿ, ನಿಮ್ಮೆದುರೇ ಮುರಿಯುತ್ತೇವೆ."

ಹೆಂಗಸರು ಮುಖಮುಖ ನೋಡಿಕೊಂಡರು. ಸುಗಂಧಿ ತಲೆಯೆತ್ತಿ ನಡೆದು, ತನ್ನ ಬುಟ್ಟಿಯನ್ನು ಎಲ್ಲರಿಗಿಂತ ಮೊದಲು ಮೇಜಿನ ಮೇಲಿಟ್ಟಳು.

"ನೋಡಿ, ಧಣಿ. ಒಂದು ಕೆಟ್ಟದ್ದು ಸಿಕ್ಕಿದರೆ ನಾನೇ ಮುರೀತೇನೆ."