ಮೂಲ ಗೊತ್ತಿಲ್ಲದ ಮಾತು

“ಹೇಗಿದ್ದೀರಿ ಎಡ್ನಾ?”

“ಕೋಪಸೆಟಿಕ್.”

ಗಲ್ಫಿನ ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಹಿಂದಿನಿಂದ ದಿನವೂ ಅದೇ ಉತ್ತರ. ಮೊದಲು ಅಲ್ಲಿದ್ದ ಅಮೆರಿಕನ್ ದಂತವೈದ್ಯರು ರೋಗಿಯ ಬಾಯಿ ನೋಡಿ, ತೊಂದರೆಯೇನೂ ಇಲ್ಲದಿದ್ದರೆ ಹೇಳುತ್ತಿದ್ದ ಮಾತದು. ಅವರು ತಮ್ಮ ದೇಶಕ್ಕೆ ಮರಳಿದರು. ಮಾತು ಎಡ್ನಾಳ ಬಾಯಲ್ಲಿ ಉಳಿಯಿತು. ದಣಿದಷ್ಟೂ ಹೆಚ್ಚು ಹೇಳುತ್ತಿದ್ದಳು. ಲ್ಯಾಬಿನ ಲೆಸ್ಲಿ ಅದನ್ನು ಗಮನಿಸಿದ್ದ.

ಬೆಳಗಿನ ಪಾಳಿ ಮುಗಿದರೆ ಸಂಜೆಯವರೆಗೆ ಹೊರಬಾಗಿಲಿಗೆ ಬೀಗ. ಆ ಬಿಸಿಲಿನಲ್ಲಿ ರೂಮಿಗೆ ಹೋಗಿ ಬರುವ ತ್ರಾಣವಿಲ್ಲದೆ ಇಬ್ಬರೂ ಪ್ಯಾಂಟ್ರಿಯಲ್ಲಿ ಕೂತು ಕಪ್ಪು ಚಾ ಕುಡಿಯುತ್ತಿದ್ದರು. ಎರಡು ವರ್ಷದಿಂದ ಹೀಗೇ.

“ಆ ಮಾತಿನ ಅರ್ಥ ಹುಡುಕಿದ್ರಾ?” ಎಡ್ನಾ ಕೇಳಿದಳು.

ಅವಳ ತಲೆ ಗೋಡೆಗೆ ಒರಗಿತ್ತು. ಅರ್ಧ ಮುಚ್ಚಿದ ಕಣ್ಣು ಅವನನ್ನೇ ನೋಡುತ್ತಿತ್ತು.

“ಎಲ್ಲ ಸರಿ ಉಂಟು ಅಂತ ಅರ್ಥ. ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಲೂಸಿಯಾನಾದ ಫ್ರೆಂಚ್ ಅಂತಾರೆ ಕೆಲವರು. ಹೀಬ್ರೂ ಅಂತಾರೆ ಕೆಲವರು. ಒಂದಕ್ಕೂ ಪುರಾವೆ ಇಲ್ಲ.”

“ಯಾರಿಗೂ ಗೊತ್ತಿಲ್ಲ ಅಂತ ತಿಳಿಯಲಿಕ್ಕೆ ಲೈಬ್ರರಿಗೆ ಹೋದ್ರಾ ಮಾರಾಯ್ರೆ?”

ಅವನು ನಗಲಿಲ್ಲ. ನಾಳೆ ಅವಳು ರಜೆಯಲ್ಲಿ ಊರಿಗೆ ಹೊರಡುತ್ತಾಳೆ. ಅವಳನ್ನು ನೋಡಲು ಬಹರೈನಿನಿಂದ ಒಬ್ಬ ವರ ಬರುತ್ತಾನೆ. ಒಪ್ಪಿಗೆಯಾದರೆ ಚರ್ಚಿನಲ್ಲಿ ಮದುವೆಯ ಪ್ರಕಟಣೆಯ ಚೀಟಿ ಓದಿಸಿ, ಅದೇ ರಜೆಯಲ್ಲಿ ಮದುವೆ. ಗಲ್ಫಿನವರಿಗೆ ಬೇರೆ ಸಮಯವೆಲ್ಲಿದೆ?

ಮೂಲೆಯಲ್ಲಿ ಪಾರ್ಸೆಲುಗಳ ರಾಶಿಯಿತ್ತು. ಯಾರು ಊರಿಗೆ ಹೊರಟರೂ ಉಳಿದವರ ಮನೆಗಳಿಗೆಲ್ಲ ಅವರೇ ಅಂಚೆಯವರು. ನರ್ಸ್ ಮಾಜಿದಾಳ ಹಾಲಿನ ಪುಡಿ, ಡ್ರೈವರ್ ಅನ್ಸಾರನ ಟೈಗರ್ ಬಾಮ್.

“ನಿಮ್ಮದು ಎಲ್ಲಿ? ಶಿರ್ವದಲ್ಲಿ ಅಮ್ಮ ಇದ್ದಾರಲ್ವಾ?”

“ಕೊಡ್ಲಿಕ್ಕೆ ಆಗುವುದಿಲ್ಲ.”

“ಯಾಕೆ? ನಾನು ತಿಂದು ಬಿಡ್ತೇನಾ?”

ಲೆಸ್ಲಿ ಖಾಲಿ ಕಪ್ಪನ್ನು ಸ್ವಲ್ಪ ಹೊತ್ತು ತಿರುಗಿಸಿದ. “ಮದುವೆಯಾಗದ ಹುಡುಗಿಯ ಕೈಯಲ್ಲಿ ಸಾಮಾನು ಕಳಿಸಿದ್ರೆ ಅಮ್ಮ ಸಾಮಾನು ನೋಡುವುದಿಲ್ಲ. ಹುಡುಗಿಯನ್ನು ನೋಡ್ತಾರೆ.”

“ನೋಡ್ಲಿ.”

“ಯಾವಾಗಿನಿಂದ ಅಂತ ಕೇಳ್ತಾರೆ. ಎಲ್ಲಿ ಶುರುವಾಯ್ತು, ನನಗೇ ಗೊತ್ತಿಲ್ಲ. ನಿಮ್ಮ ಮನಸ್ಸಿನಲ್ಲಿ ಎಂತ ಉಂಟು, ಅದೂ ಗೊತ್ತಿಲ್ಲ. ಪುರಾವೆ ಇಲ್ಲದೆ ರಿಪೋರ್ಟ್ ಕೊಟ್ಟು ಅಭ್ಯಾಸ ಇಲ್ಲ ನನಗೆ.”

ಎಸಿ ಗೊರಗುಟ್ಟುತ್ತಿತ್ತು. ಎಡ್ನಾ ಕಣ್ಣು ಪೂರ್ತಿ ತೆರೆದಳು.

“ಎರಡು ವರ್ಷ ಎದುರು ಕೂತು ನಿಮ್ಮ ಸಕ್ಕರೆ ಇಲ್ಲದ ಚಾ ಕುಡಿದೆ ಲೆಸ್ಲಿ. ಮತ್ತೆಂತ ಪುರಾವೆ? ಆ ಬಹರೈನಿನವನಿಗೆ ಬೇಡ ಅನ್ಲಿಕ್ಕೆ ನಿಮ್ಮ ಒಂದು ಮಾತು ಬೇಕಿತ್ತು. ಎಲ್ಲಿಂದ ಬಂದದ್ದಾದ್ರೂ ಆಗ್ತಿತ್ತು.”

ಅವನು ಎದ್ದ. ಕಪಾಟಿನಲ್ಲಿ ತನ್ನದೆನ್ನುವುದು ಒಡೆಯದ ಒಂದು ಚಾ ಪ್ಯಾಕೆಟ್ ಮಾತ್ರ ಇತ್ತು. ಅದನ್ನೇ ಕಂದು ಕಾಗದದಲ್ಲಿ ಸುತ್ತಿ, ಮೂಲೆಗಳನ್ನು ಲ್ಯಾಬಿನ ಅಚ್ಚುಕಟ್ಟಿನಲ್ಲಿ ಮಡಚಿ, ಅಮ್ಮನ ಹೆಸರು ಬರೆದ.

ಎಡ್ನಾ ಅದನ್ನು ರಾಶಿಗೆ ಸೇರಿಸಲಿಲ್ಲ. ತನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

“ಇದನ್ನು ಮೊದಲು ಕೊಡ್ತೇನೆ. ಮತ್ತೆಯೇ ನನ್ನ ಮನೆಗೆ ಹೋಗುವುದು.”

ಅವನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದು ಕೂತ. ಗೋಡೆಗೆ ಒರಗಿದ್ದ ತಲೆ ಮೆಲ್ಲಗೆ ಅವನ ಭುಜಕ್ಕೆ ಬಂತು.

“ಹೇಗಿದ್ದೀರಿ?” ಅವನು ಕೇಳಿದ.

ಆ ಮಾತು ಅವಳ ತುಟಿಯವರೆಗೆ ಬಂದು ನಿಂತಿತು.

“ಸುಸ್ತಾಗಿದೆ,” ಅಂದಳು ಎಡ್ನಾ. “ತುಂಬಾ.”