ಬಟನ್ ಒತ್ತದೆ ಆಡಿದ ಮಾತು

"ಚಾಕ್ಲೇಟ್ ಅನ್ನೋ ಪದಕ್ಕೆ ಎರಡೇ ತುಂಡು ರೀ," ಎಂದ ಅವನು.

"ಮೂರು. ಚಾ-ಕೊ-ಲೇಟ್," ಎಂದಳು ಅವಳು.

"ಸಿನಿಮಾದಲ್ಲಿ ಆ ಹುಡುಗಿ ಹಾಗೆ ಅಂದಿಲ್ಲ. ಮಧ್ಯದ್ದು ನುಂಗಿಬಿಟ್ಟಿದ್ದಾಳೆ, ನೋಡಿ." ಪರದೆಯ ಮೇಲೆ ಓಡುವ ಧ್ವನಿಯ ಗೆರೆಯಲ್ಲಿ ಎರಡು ಉಬ್ಬುಗಳನ್ನು ಬೆರಳಿಟ್ಟು ತೋರಿಸಿದ.

"ಚಾಕೊಲೇಟ್ ನುಂಗದೆ ಇನ್ನೇನು ಮಾಡ್ತಾಳೆ ಪಾಪ?"

ಇಂಗ್ಲಿಷ್ ಸಿನಿಮಾಗಳಿಗೆ ನಮ್ಮ ಮಾತು ಕೂಡಿಸುವ ಸ್ಟುಡಿಯೋ ಅದು. ತೆರೆಯ ಮೇಲಿನವರ ಬಾಯಿ ಎಷ್ಟು ಸಲ ತೆರೆಯುತ್ತದೋ ಅಷ್ಟೇ ಉದ್ದದ ಮಾತು ಬರೆಯುವುದು ಅವಳ ಕೆಲಸ. ಅದನ್ನು ಕತ್ತರಿಸಿ ಆ ತುಟಿಗೆ ಕೂರಿಸುವುದು ಅವನದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ರೈಟರಮ್ಮ, ಅವನು ಕತ್ತರಿ.

ಕತ್ತರಿ ನಂಬುತ್ತಿದ್ದುದು ಗೆರೆಯ ಉಬ್ಬನ್ನು. ರೈಟರಮ್ಮ ನಂಬುತ್ತಿದ್ದುದು ತನ್ನ ಅಂಗೈಯನ್ನು. ಗದ್ದದ ಕೆಳಗೆ ಅಂಗೈ ಇಟ್ಟು ಪದ ಹೇಳುವಳು. ಗದ್ದ ಎಷ್ಟು ಸಲ ಇಳಿದು ತಾಗಿತೋ ಪದಕ್ಕೆ ಅಷ್ಟು ತುಂಡು. ಮನೆಯಲ್ಲಿ ಅವಳು ಹಾಗೆ ಕೂತದ್ದನ್ನು ಕಂಡ ಅಮ್ಮ, ಹಲ್ಲುನೋವಿರಬೇಕೆಂದು ಉಪ್ಪುನೀರು ಕಾಯಿಸಿ ತಂದುಕೊಟ್ಟಿದ್ದಳು.

ಫ್ಯಾಮಿಲಿ, ಎವೆರಿ, ಕಂಫರ್ಟಬಲ್: ಜಗಳಕ್ಕೆ ಯಾವ ಪದವಾದರೂ ಆಗುತ್ತಿತ್ತು. ಫೈರ್ ಒಂದೋ ಎರಡೋ ಎಂಬುದು ಇಡೀ ಮಧ್ಯಾಹ್ನವನ್ನೇ ತಿಂದಿತ್ತು. ಸೋತವರು ಚಹಾ ತರಬೇಕೆಂದು ಕರಾರು. ಯಾರೂ ಸೋಲದ ಕಾರಣ ಇಬ್ಬರೂ ಜೊತೆಯಾಗಿಯೇ ಹೋಗಿ ಕುಡಿದು ಬರುತ್ತಿದ್ದರು.

ಓನರ್ ಬಾಗಿಲು ತಳ್ಳಿಕೊಂಡು ಬಂದರು. "ಹೊರಗೆ ದನಿ ಕೊಡೋ ಕಲಾವಿದರು ಕಾದು ಕಾದು ಬೇರುಬಿಟ್ಟಿದ್ದಾರೆ. ಒಂದು ವಾರವಾಯ್ತು, ನಿಮ್ದಿನ್ನೂ ಚಾಕ್ಲೇಟೇ ಮುಗೀಲಿಲ್ವಾ? ಎತ್ತು ಏರಿಗೆ, ಕೋಣ ನೀರಿಗೆ ಎಳೆದ್ರೆ ನನ್ನ ಗಾಡಿ ಹೋಗೋದು ಹೇಗೆ? ಸಾಕಪ್ಪಾ. ರೈಟರಮ್ಮ, ಸೋಮವಾರದಿಂದ ನೀವು ಮನೆಯಿಂದಲೇ ಬರೆದು ಕಳಿಸಿ. ಇಲ್ಲಿ ಇವನೊಬ್ಬನೇ ಕೂರಿಸ್ಕೊಳ್ಲಿ."

ಬಾಗಿಲು ಮುಚ್ಚಿತು.

"ಒಳ್ಳೇದೇ ಆಯ್ತು," ಎಂದಳು ಅವಳು. "ನಿಮಗೂ ನೆಮ್ಮದಿ."

"ಹೂಂ."

ಅಷ್ಟೇ. ಒಂದೇ ಉಬ್ಬು. ಚಾಕ್ಲೇಟಿಗಾಗಿ ಗಂಟೆಗಟ್ಟಲೆ ಕಾದಾಡುವವನಿಗೆ ಇದಕ್ಕೊಂದು ಮಾತಿಲ್ಲವೇ? ಅವಳಿಗೆ ಸಿಟ್ಟು ಬಂತು. ತಾನೂ ಓನರ್ ಎದುರು ಆಗಲ್ಲ ಅನ್ನಲಿಲ್ಲ ಎಂಬುದು ನೆನಪಾಗಿ ಸಿಟ್ಟು ತನ್ನ ಮೇಲೇ ತಿರುಗಿತು.

ಬರೆದ ಸಾಲನ್ನು ಕಲಾವಿದರಿಗಿಂತ ಮೊದಲು ತಾನೇ ಓದಿ ನೋಡುವುದು ಅವಳ ರೂಢಿ. ಗಾಜಿನ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು. ಅಲ್ಲಿ ಫ್ಯಾನ್ ಹಾಕುವಂತಿಲ್ಲ. ಗೋಡೆಯ ಸ್ಪಂಜಿಗೆ ಊರವರ ಬೆವರೆಲ್ಲ ಇಳಿದಿತ್ತು. ಗಾಜಿನಾಚೆ ಅವನು. ಅವನು ಬಟನ್ ಒತ್ತಿಹಿಡಿದು ಆಡಿದ ಮಾತು ಮಾತ್ರ ಒಳಗೆ ಕೇಳುತ್ತಿತ್ತು.

"ರೆಡಿನಾ?" ಎಂದು ಬಟನ್ನಿನಿಂದ ಬೆರಳು ತೆಗೆದ.

ಅವಳು ತಲೆಯಾಡಿಸಿದಳು. ಚಿತ್ರ ಓಡಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ತುಟಿ ಅಲುಗಿತು, ಹೆಡ್‌ಫೋನಿನಲ್ಲಿ ಸದ್ದಿಲ್ಲ. ಆದರೆ ಇನ್ನೊಬ್ಬರ ತುಟಿ ನೋಡಿಯೇ ಅನ್ನ ಸಂಪಾದಿಸಿದವಳು ಅವಳು.

"ಈಗೇನೋ ಅಂದ್ರಲ್ಲ?" ಎಂದಳು ಮೈಕಿನಲ್ಲಿ.

ಬಟನ್ ಒತ್ತಿದ. "ಏನಿಲ್ಲ."

"ಏನಿಲ್ಲ ಅನ್ನೋಕೆ ಮೂರು ಸಲ ಬಾಯಿ ತೆರೆದ್ರೆ ಸಾಕು. ನೀವು ತೆರೆದದ್ದು ಐದು ಸಲ."

ಅವನ ಕಿವಿ ಕೆಂಪಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ! "ಐದಲ್ಲ, ನಾಲ್ಕು."

"ಐದು."

"ಆಡಿದೋನು ನಾನು ಕಣ್ರೀ! ನೀವ್. ಹೋಗ್. ಬೇ. ಡಿ. ನಾಲ್ಕೇ!"

ಬೆರಳು ಬಟನ್ನಿನ ಮೇಲೆಯೇ ಇತ್ತು. ಮಾತು ಅವಳ ಎರಡೂ ಕಿವಿಯೊಳಗೆ, ಉಸಿರಿನ ಸಮೇತ, ಬಂದು ಬಿತ್ತು. ಏನಾಗಿಹೋಯಿತೆಂದು ತಿಳಿದದ್ದೇ ಅವನು ಬಟನ್ ಬಿಟ್ಟ. ಬಾಣ ಬಿಟ್ಟ ಮೇಲೆ ಬಿಲ್ಲು ಮುಚ್ಚಿಟ್ಟ ಹಾಗೆ.

ಅವಳು ಹೆಡ್‌ಫೋನ್ ಕಳಚಿ ಹೊರಗೆ ಬಂದಳು.

"ನಾ ನೋಡಿದ್ದು ಐದೇ. ಪರೀಕ್ಷೆ ಮಾಡೇ ಬಿಡೋಣ."

ಅವನ ಗದ್ದದ ಕೆಳಗೆ ಅಂಗೈ ಇಟ್ಟಳು. ಬೆಳಿಗ್ಗೆ ಕ್ಷೌರ ಮಾಡಿಕೊಂಡಿರಲಿಲ್ಲ, ಚುಚ್ಚಿತು. ಈ ವಿಧಾನವನ್ನು ದಿನವೂ ಗೇಲಿ ಮಾಡುತ್ತಿದ್ದವನು ಕಮಕ್ ಕಿಮಕ್ ಅನ್ನದೆ ಕೂತಿದ್ದ.

"ಹೇಳಿ."

"ನೀವು ಹೋಗ್ಬೇಡಿ," ಎಂದ, ಮೆಲ್ಲಗೆ. "ಎಷ್ಟಾಯ್ತು?"

"ಲೆಕ್ಕ ತಪ್ಪಿತು."

"ರೈಟರಮ್ಮನಿಗಾ!"

"ಇನ್ನೊಂದ್ಸಲ ಹೇಳಿ."

ಹೇಳಿದ. ಹೊರಗಿನಿಂದ ಓನರ್ ಬಾಗಿಲು ಬಡಿದರು. "ಮುಗೀತೇನ್ರಪ್ಪಾ?"

"ಐದೇ ನಿಮಿಷ ಸಾರ್!" ಎಂದು ಕೂಗಿ ಅವಳು ದನಿ ತಗ್ಗಿಸಿದಳು. "ಅವರು ಒಮ್ಮೆ ಅಂದ್ರೆ ಮುಗೀತು. ಮನೆಯಿಂದಲೇ ಬರೀಬೇಕು ನಾನು."

ಅವನು ಯೋಚಿಸಿದ. "ಮನೆಯಿಂದ ಅಂದ್ರು. ಯಾರ ಮನೆಯಿಂದ ಅಂತ ಅಂದಿಲ್ಲ. ನಮ್ಮನೇಲೂ ಒಂದು ಮೇಜಿದೆ. ಕಾಲು ಸ್ವಲ್ಪ ಅಲ್ಲಾಡುತ್ತೆ, ರಟ್ಟು ಇಟ್ರೆ ಸರಿಹೋಗುತ್ತೆ."

"ನಿಮ್ಮಮ್ಮ ಏನಂತಾರೆ?"

"ಅವಳಿಗೆ ಕೇಳಿ ಕೇಳಿ ಸಾಕಾಗಿದೆ. ಚಾಕ್ಲೇಟ್ ಜಗಳದ ಹುಡುಗೀನ ಮನೆಗೆ ಯಾವಾಗ ಕರ್ಕೊಂಡ್ಬರ್ತೀಯ ಅಂತ ದಿನಾ ಕೇಳ್ತಾಳೆ."

"ಚಾಕೊಲೇಟು ಎಷ್ಟಂತೆ ಅಮ್ಮನ ಪ್ರಕಾರ?"

ಅವನ ಗದ್ದ ಇನ್ನೂ ಅವಳ ಅಂಗೈಯಲ್ಲೇ ಇತ್ತು. ಸುಳ್ಳು ಹೇಳುವಂತಿರಲಿಲ್ಲ.

"ಮೂರಂತೆ."

"ಹಾಗಾದ್ರೆ ಬರ್ತೀನಿ," ಎಂದಳು.