ನದಿಯ ತಳದಲ್ಲಿ ಇಬ್ಬರು

ಕೇಶವ್ ನನ್ನ ಕಾಲರ್ ಹಿಡಿದು ದೋಣಿಯ ಅಂಚಿಗೆ ಒತ್ತಿದ. ಕೆಳಗೆ ಡೆಟ್ರಾಯಿಟ್ ನದಿ. ಮಂಜುಗಡ್ಡೆಯ ಚೂರುಗಳು ಒಂದಕ್ಕೊಂದು ಉಜ್ಜಿ ಕರಕರ ಎನ್ನುತ್ತಿದ್ದವು.

"ನನ್ನ ಕೆಲಸ ನಿಲ್ಲಿಸ್ತೀಯಾ? ನೀರು ಎಷ್ಟು ಕೋಲ್ಡ್ ಇದೆ ಅಂತ ನೋಡ್ತೀಯಾ, ಅಶ್ವಥ್?"

"ನೀಲ್‌ನ ಮೇಲಕ್ಕೆ ಕರೆಸು!"

"ಅವನು ಫಿಟ್ ಇದಾನೆ!"

"ಅಕ್ಷೋಭ್ಯನೂ ಫಿಟ್ ಇದ್ದ!"

ಹಿಡಿತ ಬಿಗಿಯಾಯಿತು. ಪಕ್ಕದ ಸ್ಪೀಕರಿನಿಂದ ಉಸಿರಾಟ ಕೇಳುತ್ತಿತ್ತು. ನದಿಯ ತಳದಲ್ಲಿದ್ದ ನೀಲ್‌ನದು. ಒಳಕ್ಕೆ... ಹೊರಕ್ಕೆ...

ಆಮೇಲೆ ಕೆಮ್ಮು.

ವಿಷಯ ಹೇಳಿಬಿಡುತ್ತೇನೆ, ಕೇಳಿ. ನಾನು ಗ್ಲೆಂಡೇಲ್ ಹೈಟ್ಸ್ ಎಂಬ ಊರಿನವನು. ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಸಾವುಗಳ ತನಿಖೆ ಮಾಡುವುದು ನನ್ನ ಕಸುಬು. ಅದು 2009ರ ಚಳಿಗಾಲ. ಡೆಟ್ರಾಯಿಟಿನಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಮುಚ್ಚುತ್ತಿದ್ದವು. ಉಳಿದಿದ್ದ ಒಂದಕ್ಕೆ ನದಿಯಿಂದ ನೀರೆಳೆಯುವ ಪೈಪಿನ ಬಾಯಿ ಶುಚಿ ಮಾಡುವ ಕಂಟ್ರಾಕ್ಟು ಕೇಶವನದು. ಹಿಂದಿನ ತಿಂಗಳು ಆ ಕೆಲಸಕ್ಕೆ ಇಳಿದ ಅಕ್ಷೋಭ್ಯ ಹೆಣವಾಗಿ ಮೇಲೆ ಬಂದಿದ್ದ. ಆ ತನಿಖೆಗೇ ನಾನು ಬಂದದ್ದು.

ಅಂದು ಬೆಳಿಗ್ಗೆ ಡೆಟ್ರಾಯಿಟಿನ ಹೊರವಲಯದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಅವನ ಹೆಂಡತಿ ವಸುಧಾಳನ್ನು ಕಂಡೆ. ಅತ್ತು ಅತ್ತು ಒಣಗಿದ ಮುಖ.

"ಯುರೋಪಲ್ಲಿ ಆಯಿಲ್ ಕಂಪನಿಗಳಿಗೆ ಡೈವ್ ಮಾಡ್ತಿದ್ರು. ಒಂದು ದೇಶದ ಡಾಕ್ಟರ್, ಲಂಗ್ಸ್‌ನಲ್ಲಿ ಗಾಳಿಗುಳ್ಳೆ ಇದೆ, ಇನ್ನು ನೀರಿಗೆ ಇಳೀಬೇಡಿ ಅಂದ್ರು. ಬಾರ್ಡರ್ ದಾಟಿದ್ರೆ ಇನ್ನೊಂದು ದೇಶದವರು ಫಿಟ್ ಅಂದ್ರು! ಮೆಡಿಕಲ್, ಟ್ರೇನಿಂಗ್, ಸೇಫ್ಟಿ... ಒಂದೊಂದು ದೇಶಕ್ಕೆ ಒಂದೊಂದು ರೂಲ್. ಎಲ್ಲರಿಗೂ ಒಂದೇ ಮಾಡಿ ಅಂತ ಇವರು ಮೀಟಿಂಗ್‌ಗಳಲ್ಲಿ ಜಗಳ ಆಡ್ತಿದ್ರು."

"ಮತ್ತೆ ಇಲ್ಲಿ ಯಾಕೆ ಇಳಿದರು?"

"ಬೇರೆ ಕೆಲಸ ಎಲ್ಲಿತ್ತು?"

ಅವಳು ಕಿಟಕಿಯ ಕಡೆ ತಿರುಗಿದಳು.

"ಕೆಳಗೆ ಕೆಮ್ಮು ಬಂತಂತೆ. ಕೇಶವ್ ಗಾಬರಿಯಾಗಿ ಸರ್ರನೆ ಎಳೆಸಿಬಿಟ್ರು. ನೀರಿನ ಪ್ರೆಶರ್ ತಟ್ಟನೆ ಇಳಿದು ಗುಳ್ಳೆಯೊಳಗಿನ ಗಾಳಿ ಹಿಗ್ಗಿ ಒಡೀತು... ಯುರೋಪಲ್ಲಿ ಇವರ ಜೊತೆಗಿದ್ದ ಹುಡುಗ ನೀಲ್‌ಗೂ ಅದೇ ಗುಳ್ಳೆ. ಅದೇ ಡಾಕ್ಟರ್ ಬೇಡ ಅಂದಿದ್ರು. ಇವತ್ತು ಕೇಶವ್ ಅವನನ್ನ ಇಳಿಸ್ತಿದಾರೆ, ಅಶ್ವಥ್ ಅವರೇ!"

ನದಿಯತ್ತ ಕಾರು ಓಡಿಸಿದೆ. ಟೆಲಿಗ್ರಾಫ್ ರೋಡಿನಲ್ಲಿ ಕೆಂಪು ಸಿಗ್ನಲ್ ದಾಟಿಬಿಟ್ಟೆ. ಐಸ್ ಮೇಲೆ ಕಾರು ಗಿರ್ರನೆ ತಿರುಗಿತು. ಟ್ರಕ್ಕೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿತು. ನಾನು ನಿಲ್ಲಲಿಲ್ಲ!

ಈಗ ಇಲ್ಲಿ, ಕೇಶವನ ಮುಷ್ಟಿಯಲ್ಲಿ.

ಸ್ಪೀಕರ್ ಮತ್ತೆ ಕೆಮ್ಮಿತು. "ಐ ಕಾಂಟ್ ಬ್ರೀದ್..."

ಕೇಶವ್ ಬಿಳಿಚಿಕೊಂಡ. ನನ್ನನ್ನು ಬಿಟ್ಟು ಹಗ್ಗದ ಕಡೆ ಹಾರಿದ. "ಪುಲ್! ಬೇಗ ಎಳೀರಿ!"

ಅವನ ಮಂಡಿಗೆ ಒದ್ದೆ. ಬಿದ್ದ. ಕೈಗೆ ಸಿಕ್ಕ ಸ್ಪ್ಯಾನರನ್ನು ಅವನ ಮೂಗಿನ ಮುಂದೆ ಹಿಡಿದೆ.

"ಬೇಗ ಎಳೆದರೆ ಇವನೂ ಸಾಯ್ತಾನೆ! ನಿಧಾನ... ನಿಧಾನ..."

ಕೆಲಸಗಾರರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ನಿಧಾನಕ್ಕೆ ಎಳೆಯತೊಡಗಿದರು.

ಮೈಕ್ ಹಿಡಿದೆ. "ನೀಲ್, ನನ್ನ ಹೆಸರು ಅಶ್ವಥ್. ಉಸಿರು ಬಿಗಿಹಿಡೀಬೇಡ. ಬಿಡ್ತಾ ಇರು."

"ಅಂಕಲ್... ಹೀ ಈಸ್ ಹಿಯರ್."

"ಯಾರು?"

"ಅಕ್ಷೋಭ್ಯ. ಹೀ ಈಸ್ ಹೋಲ್ಡಿಂಗ್ ಮೈ ಹ್ಯಾಂಡ್."

ಸ್ಪೀಕರಿನಲ್ಲಿ ಎರಡು ಉಸಿರು. ಒಂದು ಏದುಸಿರು. ಇನ್ನೊಂದು ನಿಧಾನ, ತಣ್ಣಗೆ... ಕೇಶವ್ ಬಿದ್ದಲ್ಲೇ ಕಿವಿ ಮುಚ್ಚಿಕೊಂಡ.

ಮೈಕನ್ನು ಬಾಯಿಯ ಹತ್ತಿರ ತಂದೆ.

"ಹಿಡಿದಿರಲಿ," ಎಂದೆ. "ಅವನ ಜೊತೆ ಉಸಿರಾಡು. ಅವನ ಹಾಗೇ."

ಏದುಸಿರು ಮೆಲ್ಲಗೆ ಇಳಿಯಿತು. ಕಡೆಗೆ ಎರಡೂ ಒಂದೇ ತಾಳಕ್ಕೆ ಬಂದವು.

ನೀಲ್‌ನ ಹೆಲ್ಮೆಟ್ ನೀರಿನಿಂದ ಮೇಲೆ ಬಂದಾಗ ಅವನ ಬಲಗೈ ಯಾರನ್ನೋ ಹಿಡಿದ ಹಾಗೆ ಮುಚ್ಚಿತ್ತು. ತುಟಿ ನೀಲಿಗಟ್ಟಿತ್ತು. ಆದರೆ ಬದುಕಿದ್ದ!

ಡಾಕ್ಟರ್ ಬೇಡ ಅಂದವರನ್ನೇ ನೀರಿಗಿಳಿಸಿದ್ದನ್ನು ಕೇಶವ್ ಪೊಲೀಸರ ಮುಂದೆ ಒಪ್ಪಿಕೊಂಡ. ಎರಡನೇ ಉಸಿರಿನ ಮಾತು ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಫೋನಿನಲ್ಲಿ ಯಾರಾದರೂ ಸುಮ್ಮನಾದರೆ ಇಂದಿಗೂ ನನಗದು ಕೇಳಿಸುತ್ತದೆ.

ಮುಂದಿನ ವರ್ಷ ನೀಲ್‌ಗೆ ಯುರೋಪಿನಿಂದ ಕರೆ ಬಂತು. ಡೈವರುಗಳಿಗೆ ಎಲ್ಲ ದೇಶಗಳಲ್ಲೂ ಒಂದೇ ನಿಯಮ ತರುವ ಸಭೆಯಂತೆ. ಬಂದು ಮಾತಾಡಬೇಕಂತೆ. ಹೊರಡುವ ಮುಂಚೆ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ ಎಂದಿದ್ದರು...

ಯಾವ ದೇಶದ್ದು ಎಂದು ಹೇಳಿರಲಿಲ್ಲ!